ಎರಡು ಮತ್ತು ಐದು

ಅವನ ಕಾಲರ್ ನನ್ನ ಮುಷ್ಟಿಯಲ್ಲಿತ್ತು. ಅವನ ಬೆನ್ನು ತಾರಸಿಯ ಕಂಬಿಗೆ ಒತ್ತಿತ್ತು. ಕೆಳಗೆ ನಾಲ್ಕು ಮಹಡಿ.

"ಹೇಳು. ಯಾವ ಪ್ಲಗ್ ಅದಲುಬದಲು ಮಾಡ್ದೆ?"

"ಗೊತ್ತಿಲ್ಲ ಭಾವ. ಕತ್ತು ಬಿಡಿ. ಅಕ್ಕಂಗೆ ಏನಂತ ಹೇಳ್ತೀರಿ?"

ಹೌದು ಸ್ವಾಮಿ, ನನ್ನ ಭಾವಮೈದನೇ. ಉಪಗ್ರಹಕ್ಕೆ ವೈರಿಂಗ್ ಮಾಡಿದವನು. ನಾನು ದೋಷ ಹಿಡಿಯುವ ತನಿಖೆಗಾರ. ನನ್ನ ಕೋಪ ಗೊತ್ತಿದ್ದರಿಂದ ಓಡಿದ್ದ... ವರ್ಕ್‌ಶಾಪ್, ಕ್ಯಾಂಟೀನ್, ಕೊನೆಗೆ ತಾರಸಿ.

ಮೇಲೆ ನಮ್ಮ ಉಪಗ್ರಹ ಸಾಯುತ್ತಿತ್ತು. ಅದರ ಆರು ಮುಖಕ್ಕೆ ಆರು ಸನ್ ಸೆನ್ಸರ್. ಸೂರ್ಯ ಯಾವ ಕಡೆ ಇದ್ದಾನೆಂದು ಹೇಳುವ ಕಣ್ಣುಗಳು. ಯಾವುದೋ ಎರಡರ ತಂತಿ ಅದಲುಬದಲಾಗಿತ್ತು. ಸೂರ್ಯನಿಗೆ ಮುಖ ಕೊಟ್ಟೆನೆಂದುಕೊಂಡು ಅದು ಬೆನ್ನು ಕೊಟ್ಟು ನಿಂತಿತ್ತು. ಬ್ಯಾಟರಿ ಇನ್ನು ಇಪ್ಪತ್ತು ನಿಮಿಷ. ಯಾವ ಎರಡೆಂದು ಗೊತ್ತಾದರೆ ಇಲ್ಲಿಂದಲೇ ಕಮಾಂಡ್ ಕಳಿಸಿ ಸರಿಪಡಿಸಬಹುದು. ಊಹಿಸಿ ತಪ್ಪಿದರೆ ಮುಗಿಯಿತು.

"ಪ್ಲಗ್ ಎಲ್ಲಾ ಒಂದೇ ಥರ ಇರ್ತವೆ. ತಪ್ಪಿರಬಹುದು," ಎಂದ. "ಅದಕ್ಕೇ ತಾನೆ ಹಾರಿಸೋ ಮುಂಚೆ ದೀಪದ ಪರೀಕ್ಷೆ? ನಾನು ಒಂದೊಂದೇ ಸೆನ್ಸರ್‌ಗೆ ದೀಪ ಹಿಡ್ದು 'ಬಂತಾ' ಅಂತ ಕೂಗ್ದೆ. ಪರದೆ ಮುಂದೆ ಕೂತು 'ಬಂತು' ಅಂದಿದ್ದು ಯಾರು ಭಾವ?"

ನಾನೇ.

ನಮ್ಮಲ್ಲಿ ಕೂಗುವುದೇ ಹಾಗೆ. ಬಂತಾ? ಬಂತು. ಎಷ್ಟನೆಯದು ಎಂದು ಯಾರೂ ಕೇಳುವುದಿಲ್ಲ. ಅಂದು ಇವನು ಎರಡನೇ ಕಣ್ಣಿಗೆ ದೀಪ ಹಿಡಿದಾಗ ಪರದೆಯಲ್ಲಿ ಐದನೆಯದು ಮಿನುಗಿತು. ನೋಡಿದೆ. ಊಟದ ಹೊತ್ತು ಮೀರಿತ್ತು. ದಡ್ಡ ನನ್ಮಗ ದೀಪವನ್ನೇ ತಪ್ಪು ಕಡೆ ಹಿಡಿದಿದ್ದಾನೆ ಎಂದುಕೊಂಡು 'ಬಂತು' ಎಂದೆ. ಸಹಿ ಹಾಕಿದೆ.

ಬೆಳಗಿನಿಂದ ಅದು ಗಂಟಲ ಮುಳ್ಳಾಗಿತ್ತು. ಆ ಎರಡು ನಂಬರು ಇವನ ಬಾಯಿಂದ ಬರಲಿ, ನನ್ನ ಕೆಲಸ ಉಳಿಯಲಿ ಎಂದು ಇಷ್ಟೆಲ್ಲ ಅಟ್ಟಾಡಿಸಿದ್ದೆ.

"ನಂಗೂ ಎರಡು ಮಕ್ಕಳಿದಾವೆ ಭಾವ," ಎಂದ ಮೆಲ್ಲಗೆ.

ಕಾಲರ್ ಬಿಟ್ಟೆ. ಓಡಿದೆ. ಮೂರು ಮೂರು ಮೆಟ್ಟಿಲು ಹಾರಿದೆ. ಕಂಟ್ರೋಲ್ ರೂಮಿನ ಬಾಗಿಲಿಗೆ ಭುಜ ಕೊಟ್ಟೆ. ಉಳಿದದ್ದು ಹನ್ನೊಂದು ನಿಮಿಷ.

"ಎರಡು ಮತ್ತು ಐದು. ಬದಲಾಯ್ಸಿ."

ದೊಡ್ಡ ಸಾಹೇಬರು ತಲೆ ಎತ್ತಿದರು. "ಒಪ್ಕೊಂಡ್ನಾ ನಿಮ್ಮ ಭಾವಮೈದ?"

"ಅವನಿಗೆ ಗೊತ್ತಿಲ್ಲ ಸರ್. ಪರೀಕ್ಷೆ ದಿನಾನೇ ನಾನು ನೋಡಿದ್ದೆ."

ಕಮಾಂಡ್ ಹೋಯಿತು. ಉಪಗ್ರಹ ನಿಧಾನಕ್ಕೆ ಮಗ್ಗುಲು ಬದಲಿಸಿತು... ಬ್ಯಾಟರಿಯ ಅಂಕಿ ಏರತೊಡಗಿತು.

"ಬಂತು," ಎಂದ ಪರದೆ ಮುಂದಿದ್ದವನು.

"ಎಷ್ಟನೇದು?" ಎಂದೆ.

ಸಂಜೆ ವರದಿ ಬರೆದೆ. ತಪ್ಪು ಮಾಡಿದವನು, ನಾನು. ತಪ್ಪು ಹಿಡಿದವನು, ನಾನು. ಎರಡೂ ಕಡೆ ಸಹಿ ಹಾಕಿದೆ.

ಈ ಸಲ ನೋಡಿದ್ದನ್ನೇ ಬರೆದು ಹಾಕಿದೆ.