ಗೆರೆ ಒಡೆಯದ ಪೋಸ್ಟರ್

ಪೋಸ್ಟರ್ ಸರಿಯಾಗಿ ಬಂದಿತ್ತು. ಅವಳಿಗೆ ಬೇಜಾರಾದದ್ದೇ ಅದಕ್ಕೆ.

ಪಿಡಿಎಫ್ ತೆರೆದು ಜೇನುಹುಳದ ರೆಕ್ಕೆಯ ಮೇಲೆ ಝೂಮ್ ಮಾಡಿದಳು. ಇನ್ನಷ್ಟು ಮಾಡಿದಳು. ರೆಕ್ಕೆಯ ನರಗಳು ಎಲ್ಲಿಯೂ ಮಸುಕಾಗದೆ ನೀಟಾಗಿ ನಿಂತಿದ್ದವು. ಗೋಡೆಯೆತ್ತರಕ್ಕೆ ಮುದ್ರಿಸಿದರೂ ಗೆರೆ ಒಡೆಯುವ ಮಾತಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ.

ಮ್ಯೂಸಿಯಮ್ಮಿನ ಕೀಟಗಳ ಪ್ರದರ್ಶನಕ್ಕೆ ಪೋಸ್ಟರ್ ಮಾಡುವವನು ನೆಲಮಹಡಿಯ ಚಿತ್ರಗಾರ. ಮುದ್ರಣಕ್ಕೆ ಹೋಗುವ ಮುನ್ನ ಅದನ್ನು ಪರೀಕ್ಷಿಸುವವಳು ಮೂರನೇ ಮಹಡಿಯ ಇವಳು. ಪ್ರತಿ ಸಲವೂ ಅವನು ರೇಖಾಚಿತ್ರವನ್ನು ಫೋಟೋ ಮಾಡಿ ಅಂಟಿಸುತ್ತಿದ್ದ. ದೊಡ್ಡದು ಮಾಡಿದರೆ ನರಗಳೆಲ್ಲ ಕಲಸಿಹೋಗುತ್ತಿದ್ದವು. ಲಿಫ್ಟ್ ಕೆಟ್ಟಿತ್ತು. ಇವಳು ಗೊಣಗುತ್ತ ಮೆಟ್ಟಿಲಿಳಿದು, ಅವನ ಪಕ್ಕದ ಕುರ್ಚಿಯಲ್ಲಿ ಕೂತು, "ಫೋಟೋ ಮಾಡ್ಬೇಡಿ, ಗೆರೆಯನ್ನ ಗೆರೆಯಾಗೇ ಪಿಡಿಎಫ್‌ಗೆ ಕಳ್ಸಿ" ಎಂದು ಗಿಳಿಗೆ ಹೇಳಿದ ಹಾಗೆ ಹೇಳಿಕೊಡುತ್ತಿದ್ದಳು. ಅವನು ಕೋಲೆಬಸವನ ಹಾಗೆ ತಲೆಯಾಡಿಸುತ್ತಿದ್ದ. ಕಣ್ಣು ಮಾತ್ರ ಪರದೆಯ ಮೇಲಿರುತ್ತಿರಲಿಲ್ಲ.

ಮನೆಯಲ್ಲಿ ಹಾಸಿಗೆ ಹಿಡಿದ ಅಮ್ಮ, ಇಲ್ಲಿ ಮುಗಿಯದ ಕೆಲಸ. ದಿನವಿಡೀ ಅವಳು ನೆಮ್ಮದಿಯಿಂದ ಕೂರುತ್ತಿದ್ದದ್ದು ಆ ಕುರ್ಚಿಯಲ್ಲಿ ಮಾತ್ರ. ಅವನು ಬೇಕೆಂದೇ ತಪ್ಪು ಮಾಡುತ್ತಾನೆ ಎಂಬ ಗುಮಾನಿ ಅವಳಿಗಿತ್ತು, ಅದು ನಿಜವಾಗಿರಲಿ ಎಂಬ ಆಸೆಯೂ ಇತ್ತು.

ಇದು ಈ ಪ್ರದರ್ಶನದ ಕೊನೆಯ ಪೋಸ್ಟರ್. ಇದನ್ನೇ ಸರಿಯಾಗಿ ಮಾಡಿದ್ದಾನೆ. ಅಂದರೆ ಇನ್ನು ಬರಬೇಡ ಅಂತ ತಾನೇ?

ತಡೆಯಲಾಗದೆ ಇಳಿದು ಹೋಗಿ ಅವನ ಬಾಗಿಲಲ್ಲಿ ನಿಂತಳು.

"ಪೋಸ್ಟರ್ ನೋಡ್ದೆ."

"ತಪ್ಪಿದ್ಯಾ?" ಎಂದ ಅವನು.

"ಇಲ್ಲ. ಯಾಕಿಲ್ಲ ಅಂತ ಕೇಳೋಕೆ ಬಂದೆ."

ಅವನು ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತ. ಕಿವಿ ಕೆಂಪಾಗಿತ್ತು. "ನಂಗೆ ಮೊದಲಿಂದ್ಲೂ ಬರ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ಹೇಳಿಕೊಡ್ತಿದ್ರಾ?"

"ಬರ್ತಿದ್ರೂ ನೀವು ಕಲೀತಿದ್ರಲ್ಲ."

ಅವನು ನಕ್ಕ. ನಗು ಬಹಳ ಹೊತ್ತು ಉಳಿಯಲಿಲ್ಲ.

"ನಿನ್ನೆ ವಾಪಸ್ ಹೋಗುವಾಗ ಅರ್ಧ ಮೆಟ್ಟಿಲಲ್ಲಿ ಕಂಬಿ ಹಿಡ್ಕೊಂಡು ನಿಂತ್ಬಿಟ್ರಿ. ನನ್ನ ಆಸೆಗೆ ನಿಮ್ಮನ್ನ ಹತ್ತಿಸಿ ಇಳಿಸ್ತಿದೀನಲ್ಲ ಅಂತ ನಾಚಿಕೆ ಆಯ್ತು. ಅದಕ್ಕೇ ಸರಿಯಾಗಿ ಮಾಡ್ದೆ."

ಅವಳ ಕಣ್ಣು ತುಂಬಿತು. ತನ್ನ ಸುಸ್ತನ್ನು ಇನ್ನೊಬ್ಬರು ಕಂಡು ಎಷ್ಟು ಕಾಲವಾಗಿತ್ತೋ.

"ಹಾಗಾದ್ರೆ ನೀವೇ ಮೇಲೆ ಬರಬೇಕಿತ್ತು."

"ಬೆಳಗ್ಗಿಂದ ಎದ್ದು ಎದ್ದು ಕೂತೆ. ಕೆಲಸದ ನೆಪ ಇಲ್ದೆ ಬಂದು ಏನು ಹೇಳೋದು ಅಂತ ತೋಚಲಿಲ್ಲ."

"ಈಗ ಹೇಳಿ."

"ನೀವಂದ್ರೆ ನಂಗಿಷ್ಟ. ತುಂಬಾ."

ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಈ ಮಾತಿಗೆ ಎದೆ ಹಾರಬೇಕಿತ್ತು, ಮೈಯೆಲ್ಲ ಹಗುರಾಗಬೇಕಿತ್ತು. ಕಾಲು ಮಾತ್ರ ನೋಯುತ್ತಿತ್ತು.

"ನಂಗೂ ನೀವಂದ್ರೆ ಇಷ್ಟ. ಆದ್ರೆ ನೋಡಿ, ಖುಷಿಪಡೋಕೂ ಇವತ್ತು ಶಕ್ತಿ ಇಲ್ಲ."

ಅವನು ಎದ್ದು ಬಂದು ಅವಳ ಬೆರಳುಗಳನ್ನು ಮೆಲ್ಲಗೆ ಹಿಡಿದುಕೊಂಡ.

"ಅವಸರ ಏನಿಲ್ಲ," ಎಂದ. "ನಾಳೆ ಖುಷಿಪಟ್ರಾಯ್ತು."