ಮಾತು ಕೇಳದ ಕೈ

"ತಾತ, ಗೆರೆ ಸೊಟ್ಟ ಹೋಗ್ತಿದೆ," ಎಂದು ಚೂಟಿ ಹೇಳುವಷ್ಟರಲ್ಲಿ ಗಾಜು ಟಪ್ಪೆಂದು ಒಡೆಯಿತು.

ಫ್ರೇಮ್ ಅಂಗಡಿಯ ಮೇಜಿನ ಮೇಲೆಲ್ಲ ಚೂರು ಹರಡಿತು. ಗಾಜು ಕೊಯ್ಯುವ ಕಟರ್ ಇನ್ನೂ ತಾತನ ಕೈಯಲ್ಲೇ ಇತ್ತು. ಕೈ ಮಾತ್ರ ಸುಮ್ಮನಿರಲಿಲ್ಲ. ಯಾರೋ ದಾರ ಕಟ್ಟಿ ಎಳೆದ ಹಾಗೆ ತಟ್ಟನೆ ಮೇಲೇಳುತ್ತಿತ್ತು, ಪಕ್ಕಕ್ಕೆ ವಾಲುತ್ತಿತ್ತು.

ಮದುವೆ ಫೋಟೋಗೆ ಫ್ರೇಮ್ ಹಾಕಿಸಲು ಬಂದಿದ್ದ ಹೆಂಗಸು ಮೂಗು ಮುರಿದಳು. "ಹಗಲು ಹೊತ್ತಲ್ಲೇ ಕುಡಿದು ಕೂತ್ರೆ ಇನ್ನೇನಾಗತ್ತೆ?" ಎನ್ನುತ್ತಾ ಫೋಟೋ ಎತ್ತಿಕೊಂಡು ಹೊರಟಳು.

"ನಮ್ಮ ತಾತ ಕುಡಿಯಲ್ಲ!" ಚೂಟಿ ಕೂಗಿದಳು.

ಆ ಹೆಂಗಸಿಗೆ ಕೇಳಿಸಿತೋ ಇಲ್ಲವೋ. ಒಳಗಿನಿಂದ ಬಂದ ಅಪ್ಪ ತಾತನ ಕೈಯಿಂದ ಕಟರ್ ತೆಗೆದುಕೊಂಡು ಡ್ರಾಯರ್‌ನಲ್ಲಿಟ್ಟ. ಕಣ್ಣು ಮುಚ್ಚಿ ಬೇಕಾದರೂ ಗಾಜು ಕೊಯ್ಯುತ್ತಿದ್ದ ತಾತ, ಖಾಲಿ ಕೈ ನೋಡುತ್ತಾ ಕೂತುಬಿಟ್ಟ.

ಸಂಜೆ ಅಡುಗೆಮನೆಯಲ್ಲಿ ಅಪ್ಪನ ದನಿ ಕೇಳಿ ಚೂಟಿ ಬಾಗಿಲ ಹತ್ತಿರವೇ ನಿಂತಳು.

"ಡಾಕ್ಟರ್ ಹೇಳಿದ ರಕ್ತದ ಟೆಸ್ಟ್ ಮಾಡಿಸಿಬಿಡೋಣ ಅಪ್ಪಾ."

"ಬೇಡ," ಎಂದ ತಾತ.

"ನಿಮ್ಮಮ್ಮನಿಗೂ ಹೀಗೇ ಕೈಕಾಲು ತಾನಾಗೇ ಆಡ್ತಿತ್ತು ಅಂತ ನೀನೇ ಹೇಳಿದ್ದೆ. ಇದು ರಕ್ತದಲ್ಲಿ ಇಳಿದು ಬರೋ ಕಾಯಿಲೆ ಇರಬಹುದು ಅಂತಾರೆ."

"ಟೆಸ್ಟ್ ಮಾಡಿಸಿದ್ರೆ ಕಾಯಿಲೆ ಓಡಿಹೋಗತ್ತೇನೋ?"

"ಓಡಲ್ಲ. ಆದ್ರೆ ಏನು ಅಂತ ಗೊತ್ತಾಗ್ಬೇಕಲ್ಲ."

ಚೂಟಿ ಒಳಗೆ ಹೋದಳು. "ಏನಪ್ಪಾ ಇಳಿದು ಬರೋದು?"

"ಏನಿಲ್ಲ. ಹೋಗಿ ಹೋಮ್‌ವರ್ಕ್ ಮಾಡು."

ದೊಡ್ಡವರಿಗೆ ಉತ್ತರ ಗೊತ್ತಿಲ್ಲದಾಗಲೆಲ್ಲ ಚೂಟಿಗೆ ಹೋಮ್‌ವರ್ಕ್ ಇದ್ದೇ ಇರುತ್ತಿತ್ತು.

ಮರುದಿನ ಅವಳು ಸೈನ್ಸ್ ಮಿಸ್ ಹತ್ತಿರ ಹೋದಳು. "ಮಿಸ್, ಕಾಯಿಲೆ ಇಳಿದು ಬರತ್ತಾ?"

"ಕೆಲವು ಬರತ್ತೆ. ಕಣ್ಣು, ಕೂದಲು, ಮೂಗು ಎಲ್ಲ ಅಪ್ಪ ಅಮ್ಮನಿಂದ ಬರತ್ತಲ್ಲ, ಹಾಗೆ. ಯಾಕೆ?"

"ಸುಮ್ಮನೆ ಮಿಸ್."

ಸುಮ್ಮನೆ ಆಗಿರಲಿಲ್ಲ. ತಾತನ ಮೊಂಡು ಮೂಗು ಅಪ್ಪನಿಗೆ ಬಂದಿತ್ತು. ಅಪ್ಪನ ಮೊಂಡು ಮೂಗು ಚೂಟಿಗೆ ಬಂದಿತ್ತು.

ಅಂದಿನಿಂದ ಅವಳು ಅಪ್ಪನ ಕೈ ನೋಡತೊಡಗಿದಳು. ನೀರು ಬಗ್ಗಿಸುವಾಗ, ಶೂ ಲೇಸ್ ಕಟ್ಟುವಾಗ, ಮೊಳೆ ಹೊಡೆಯುವಾಗ. ಒಂದು ಸಲ ಅಪ್ಪನ ಕೈಯಿಂದ ಚಮಚ ಜಾರಿ ಬಿತ್ತು. ಅಪ್ಪನೂ ಚಮಚ ಎತ್ತಿಕೊಳ್ಳದೆ ತನ್ನ ಬೆರಳುಗಳನ್ನೇ ನೋಡುತ್ತಿದ್ದ. ಚೂಟಿ ತಲೆ ತಗ್ಗಿಸಿದಳು. ತಾನು ನೋಡಿದ್ದು ಅಪ್ಪನಿಗೆ ಗೊತ್ತಾಗಬಾರದು.

ತಾತ ಕೊನೆಗೆ ಆಸ್ಪತ್ರೆಗೆ ಬರಲು ಒಪ್ಪಿದ. "ಮಾತಾಡೋಕೆ ಮಾತ್ರ. ಸೂಜಿ ಚುಚ್ಚೋ ಹಾಗಿಲ್ಲ," ಎಂದು ಮೊದಲೇ ಷರತ್ತು ಹಾಕಿದ. ಅಮ್ಮನಿಗೆ ಕೆಲಸ, ಶಾಲೆಗೆ ರಜೆ. ಹಾಗಾಗಿ ಚೂಟಿಯೂ ಹೋದಳು.

"ನಿಮಗೆ ಈ ಕಾಯಿಲೆ ಇದ್ದರೆ ನಿಮ್ಮ ಮಗನಿಗೂ ಬರಬಹುದು, ಬರದೇನೂ ಇರಬಹುದು. ನಾಣ್ಯ ಚಿಮ್ಮಿದ ಹಾಗೆ," ಎಂದರು ಡಾಕ್ಟರ್. "ಆದರೆ ಟೆಸ್ಟ್ ಬೇಕೋ ಬೇಡವೋ ಅನ್ನೋದು ನಿಮ್ಮ ಇಷ್ಟ. ಬಲವಂತ ಇಲ್ಲ."

ತಾತ ತಟ್ಟನೆ ಎದ್ದು ಹೊರಗೆ ನಡೆದುಬಿಟ್ಟ. ಅಪ್ಪ ಕುರ್ಚಿಯಲ್ಲೇ ಮುಖ ಮುಚ್ಚಿಕೊಂಡ. ಚೂಟಿ ತಾತನ ಹಿಂದೆ ಓಡಿದಳು.

ಕಾರಿಡಾರಿನ ಬೆಂಚಿನ ಮೇಲೆ ತಾತ ಕೂತಿದ್ದ. ಒಂದು ಕೈ ಇನ್ನೊಂದು ಕೈಯನ್ನು ಅದುಮಿ ಹಿಡಿದಿತ್ತು.

"ಸೂಜಿಗೆ ಹೆದರಿಕೆನಾ ತಾತ?"

"ಹೋಗೇ. ಗಾಜು ಎಷ್ಟು ಸಲ ಕುಯ್ದಿಲ್ಲ ಈ ಕೈನ."

"ಮತ್ತೆ?"

ತಾತ ಡಾಕ್ಟರ ಕೋಣೆಯ ಬಾಗಿಲ ಕಡೆ ನೋಡಿದ. "ನನ್ನ ಕತೆ ಮುಗೀತಾ ಬಂತು, ನಂಗೇನೂ ಇಲ್ಲ. ಆದ್ರೆ ಕಾಯಿಲೆ ಇದೆ ಅಂತ ಗೊತ್ತಾಯ್ತು ಅನ್ನು. ನಿಮ್ಮಪ್ಪ ಬೆಳಗಾದ್ರೆ ತನ್ನ ಕೈ ನೋಡ್ಕೊಂಡು ಹೆದರ್ತಾನೆ. ಆ ಭಯ ನಾನ್ಯಾಕೆ ಅವನ ತಲೆಗೆ ಕಟ್ಟಲಿ?"

ಹೇಳಬೇಕೋ ಬೇಡವೋ ಎಂದು ಚೂಟಿ ಒಂದು ಕ್ಷಣ ಒದ್ದಾಡಿದಳು.

"ಅಪ್ಪ ಈಗಾಗ್ಲೇ ಕೈ ನೋಡ್ಕೋತಿದಾನೆ ತಾತ," ಎಂದಳು ಮೆಲ್ಲಗೆ. "ನಾನೂ ನೋಡ್ತೀನಿ."

"ನೀನೇನು ನೋಡ್ತೀಯ?"

"ಅಪ್ಪನ ಕೈ. ನನ್ನ ಕೈ."

ತಾತ ಅವಳ ಕಡೆ ತಿರುಗಿದ. ಅವಳ ಪುಟ್ಟ ಕೈಗಳನ್ನು ನೋಡಿದ. ಆಮೇಲೆ ಎದ್ದು, ವಾಲುತ್ತಾ, ಗೋಡೆ ಹಿಡಿದುಕೊಂಡು ಡಾಕ್ಟರ ಕೋಣೆಗೆ ವಾಪಸ್ ಹೋದ.

"ಎಲ್ಲಿ ಚುಚ್ಚಬೇಕೋ ಚುಚ್ಚಿಸಿ," ಎಂದ. "ಆದ್ರೆ ಈ ಕೈ ಸುಮ್ಮನಿರಲ್ಲ. ಯಾರಾದ್ರೂ ಹಿಡ್ಕೋಬೇಕು."

ಅಪ್ಪ ಹಿಡಿದುಕೊಂಡ.

ಕೆಲವು ವಾರಗಳಾದ ಮೇಲೆ ರಿಪೋರ್ಟ್ ಬಂತು. ತಾತನಿಗೆ ಆ ಕಾಯಿಲೆ ಇತ್ತು. ಪೂರ್ತಿ ವಾಸಿ ಮಾಡುವ ಔಷಧ ಇಲ್ಲ ಎಂದರು ಡಾಕ್ಟರ್. ಕೈಕಾಲಿನ ಕುಣಿತ ಕಡಿಮೆ ಮಾಡುವ ಮಾತ್ರೆ ಬರೆದುಕೊಟ್ಟರು. ಅಪ್ಪ ಬೇಕಾದರೆ ತಾನೂ ಟೆಸ್ಟ್ ಮಾಡಿಸಿಕೊಳ್ಳಬಹುದು, ಅವಸರವೇನಿಲ್ಲ ಎಂದರು. ತನಗೂ ಚುಚ್ಚಿ ಎನ್ನುವಂತೆ ಚೂಟಿ ಕೈ ಮುಂದೆ ಚಾಚಿದಾಗ ನಕ್ಕು, "ನೀನು ದೊಡ್ಡವಳಾಗು. ಆಗ ಬೇಕು ಅನ್ನಿಸಿದ್ರೆ ನೀನೇ ಬಂದು ಕೇಳು," ಎಂದರು.

ಹೊರಗೆ ಬಸ್ ಸ್ಟಾಪಿನಲ್ಲಿ ಮೂವರೂ ಕೂತರು.

"ಅಪ್ಪ, ನೀನೂ ಟೆಸ್ಟ್ ಮಾಡಿಸ್ಕೋತೀಯಾ?"

ಅಪ್ಪ ರಸ್ತೆಯ ಕಡೆ ನೋಡುತ್ತಿದ್ದ. "ಗೊತ್ತಿಲ್ಲ ಕಣೇ," ಎಂದ. "ಭಯ ಆಗತ್ತೆ."

"ನಂಗೂ," ಎಂದಳು ಚೂಟಿ.

"ನನ್ನೂ ಸೇರಿಸ್ಕೊಳ್ಳಿ," ಎಂದ ತಾತ.

ಒಂದೇ ಮನೆಯಲ್ಲಿ, ಒಂದೇ ಭಯವನ್ನು ಮೂವರೂ ಬೇರೆಬೇರೆ ಮೂಲೆಯಲ್ಲಿ ಬಚ್ಚಿಟ್ಟುಕೊಂಡಿದ್ದರು ಎಂದು ಚೂಟಿಗೆ ಆಗ ಹೊಳೆಯಿತು. ಭಯವೇನೂ ಹೋಗಿರಲಿಲ್ಲ. ಆದರೆ ಅಪ್ಪನ ಮುಖವನ್ನು ಕದ್ದು ನೋಡಬೇಕು ಅನ್ನಿಸಲಿಲ್ಲ. ನೇರವಾಗಿಯೇ ನೋಡಿದಳು.

ಬಸ್ ಬಂತು. "ಒಬ್ಬೊಬ್ಬರು ಒಂದೊಂದು ಕಡೆ ಹಿಡ್ಕೊಳ್ರಪ್ಪ," ಎಂದ ತಾತ. "ಈ ಕಾಲು ಯಾವ ಬಸ್ಸು ಹತ್ತತ್ತೋ ನಂಗೇ ಗೊತ್ತಿಲ್ಲ."

ಅಪ್ಪ ಆ ಕಡೆ ಹಿಡಿದ. ಚೂಟಿ ಈ ಕಡೆ ಹಿಡಿದಳು.