ಗಟ್ಟೀದಾ, ಮೆತ್ತಗಿರೋದಾ?

“ಅವ್ಳು ಕೇಳಿದ್ಳು ಅಂತ ಗಟ್ಟೀದು ಕೊಡಾಕಾಗ್ತದಾ? ಅವ್ಳ್ ಕೈಲಿ ತಡಕೊಳ್ಳಾಕಾಗಲ್ಲ. ಮೆತ್ತಗಿರೋದೇ ಕೊಟ್ಟು, ಏನೋ ಒಂದು ಏಳಿ ಸಮಾಧಾನ ಮಾಡೋದು. ನಾನ್ ನೋಡ್ಕತೀನಿ, ಬುಡು.”

ರಘುನಾಥ ಫೋನ್ ಜೇಬಿಗಿಟ್ಟು, ಎದುರಿಗೆ ನಿಂತಿದ್ದ ಹುಡುಗಿಯನ್ನು ನೋಡಿ ನಕ್ಕ.

ಸೇಲಂನ ಬೈಪಾಸ್ ಪಕ್ಕದ ಅವನ ಕಾರ್ ಸಸ್ಪೆನ್ಷನ್ ಅಂಗಡಿಯಲ್ಲಿ ಅಲ್ಲಿವರೆಗೆ ಇಬ್ಬರೂ ತಮಿಳಿನಲ್ಲೇ ಮಾತಾಡಿದ್ದರು. ಅವಳಿಗೆ ಕನ್ನಡ ಬರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಕಾರ್ತಿಕಾಗೆ ಒಂದೊಂದು ಮಾತೂ ಅರ್ಥವಾಗಿತ್ತು.

ಅವಳದು ಎಡಪ್ಪಾಡಿಯ ಮಗ್ಗದ ಮನೆ. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ವಾರವೆಲ್ಲ ತನ್ನ ಪುಟ್ಟ ಕೆಂಪು ಕಾರಿನಲ್ಲಿ ಸೀರೆ ಗಂಟುಗಳನ್ನು ತುಂಬಿಕೊಂಡು ಸೇಲಂ, ಧರ್ಮಪುರಿ ಅಂಗಡಿಗಳಿಗೆ ತಲುಪಿಸುತ್ತಿದ್ದಳು. ಕೆಲವು ಭಾನುವಾರ ಅದೇ ಕಾರನ್ನು ಕೊಯಮತ್ತೂರಿನ ಹತ್ತಿರದ ರೇಸ್ ಟ್ರ್ಯಾಕಿಗೆ ಒಯ್ದು ಮನಸಾರೆ ಓಡಿಸುತ್ತಿದ್ದಳು. ಆ ದಿನ ಅವಳು ಬೇರೆಯೇ ಹುಡುಗಿ. ಹೆಲ್ಮೆಟ್ ಹಾಕಿಕೊಂಡರೆ ಅವಳಿಗೆ ಲೋಕವೇ ಬೇಡ.

ಕಾರಿನ ಶಾಕ್ ಅಬ್ಸಾರ್ಬರ್‌ಗಳು ಹಳೆಯವಾಗಿ, ತಿರುವಿನಲ್ಲಿ ಕಾರು ತೊಟ್ಟಿಲಿನಂತೆ ತೂಗುತ್ತಿತ್ತು. ಅದಕ್ಕೇ ಬಂದವಳು, ಇರುವುದರಲ್ಲೇ ಗಟ್ಟಿಯಾದ ಸೆಟ್ ಹಾಕಿಕೊಡಿ ಎಂದು ಕೇಳಿದ್ದಳು. ರಘುನಾಥ ಬಾನೆಟ್ ಮೇಲೆ ಕೈಯಿಟ್ಟು ಅದುಮಿ ನೋಡುತ್ತಿದ್ದಾಗಲೇ ಆ ಫೋನ್ ಬಂದದ್ದು.

ಫೋನ್ ಇಟ್ಟ ಮೇಲೆ ಅವನು ಹೇಳಿದ್ದೂ ಅದನ್ನೇ. ಅಷ್ಟು ಗಟ್ಟಿಯದು ಬೇಡ ಮೇಡಂ, ಸ್ಪ್ರಿಂಗ್ ಸ್ವಲ್ಪ ಬಿಗಿ ಇದ್ದರೆ ಸಾಕು, ಶಾಕ್ ಮಾತ್ರ ಬೇಕಾದ ಹಾಗೆ ಬಿಗಿ, ಸಡಿಲ ಮಾಡಿಕೊಳ್ಳುವಂಥದ್ದು ಹಾಕೋಣ ಎಂದ.

‘ಏನೋ ಒಂದು ಹೇಳಿ ಸಮಾಧಾನ ಮಾಡೋದು ಅಂದ್ರೆ ಇದೇನಾ...’

ಕಾರ್ತಿಕಾಳ ಕಿವಿ ಬಿಸಿಯಾಯಿತು. ಹುಡುಗಿ ಅಂತ ಇಷ್ಟು ಹಗುರ! ಅದೂ ಎದುರಿಗೇ ನಿಲ್ಲಿಸಿಕೊಂಡು, ನಗುತ್ತಾ!

“ವೇಂಡಾಂ ಸಾರ್,” ಬೇಡ ಎಂದಷ್ಟೇ ಹೇಳಿ ಕೀ ತೆಗೆದುಕೊಂಡು ಹೊರಟೇಬಿಟ್ಟಳು.

ರಘುನಾಥನಿಗೆ ಏನೂ ತಿಳಿಯಲಿಲ್ಲ. ಕೆಂಪು ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಲೇ ನಿಂತಿದ್ದ.

ಅದೇ ವಾರ ಅವಳು ಬೇರೆ ಅಂಗಡಿಯಲ್ಲಿ ಕಲ್ಲಿನಂಥ ಸೆಟ್ ಹಾಕಿಸಿಕೊಂಡಳು. ಕಾರನ್ನು ನೆಲಕ್ಕೆ ಅಂಟುವಷ್ಟು ತಗ್ಗಿಸಿದಳು. ನೋಡಲು ಎಷ್ಟು ಚಂದ! ಅಂಗಡಿಯವರೇ ಫೋಟೋ ತೆಗೆದುಕೊಂಡರು.

ಚಂದವೆಲ್ಲ ಎಡಪ್ಪಾಡಿ ರಸ್ತೆಯ ಮೊದಲ ಉಬ್ಬಿನವರೆಗೆ ಮಾತ್ರ. ಹೊಟ್ಟೆ ಉಜ್ಜಿಕೊಂಡು ಕಾರು ‘ಕರ್ರ್’ ಎಂದಿತು. ಮರುದಿನ ಧರ್ಮಪುರಿಗೆ ಜೊತೆಗೆ ಬಂದ ಅಮ್ಮ ಸುಗುಣಾ ಸೀರೆ ಗಂಟನ್ನೇ ಎದೆಗವಚಿಕೊಂಡು ಕೂತಿದ್ದರು. ಸ್ವಲ್ಪ ದೂರ ಹೋದ ಮೇಲೆ, ಉಬ್ಬು ಬಂದಾಗೆಲ್ಲ ನಿಲ್ಲಿಸು, ಇಳಿದು ನಡೆದು ದಾಟಿ ಆಮೇಲೆ ಹತ್ತುತ್ತೇನೆ ಎಂದರು. ಗಂಭೀರವಾಗಿಯೇ ಹೇಳಿದರು. ಕಾರ್ತಿಕಾಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಟ್ರ್ಯಾಕಿಗೆ ಹೋದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಳು. ಆ ನಗುಮುಖದವನ ಅಂಗಡಿಯ ಮುಂದೆ ಹಾರ್ನ್ ಹೊಡೆದುಕೊಂಡೇ ಹೋಗಬೇಕು ಎಂದೂ ಅಂದುಕೊಂಡಳು. ದಿನಕ್ಕೆ ಅಷ್ಟು ಸಲ ಅವನ ಮುಖ ಯಾಕೆ ನೆನಪಾಗಬೇಕು ಎಂದು ಮಾತ್ರ ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಭಾನುವಾರ ಟ್ರ್ಯಾಕಿನಲ್ಲಿ ಅವನೂ ಇದ್ದ! ತನ್ನ ಗಿರಾಕಿಗಳ ಕಾರು ನೋಡಿಕೊಳ್ಳಲು ಟೂಲ್ ಪೆಟ್ಟಿಗೆ ಹಿಡಿದುಕೊಂಡು ಬಂದಿದ್ದ. ಕಾರ್ತಿಕಾ ನೋಡಿಯೂ ನೋಡದವಳಂತೆ ಹೆಲ್ಮೆಟ್ ಹಾಕಿಕೊಂಡಳು.

ನಯವಾದ ತಿರುವುಗಳಲ್ಲಿ ಕಾರು ಹೇಳಿದಂತೆ ಕೇಳಿತು. ಆದರೆ ನೇರ ರಸ್ತೆ ಮುಗಿದ ಮೇಲೆ ಬರುವ ವೇಗದ ತಿರುವಿನಲ್ಲಿ ಡಾಂಬರು ಒರಟು. ಅಲ್ಲಿ ಚಕ್ರಗಳು ನೆಲ ಬಿಟ್ಟು ಚಿಮ್ಮತೊಡಗಿದವು. ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗಲಿಲ್ಲ. ಒಂದು ಕ್ಷಣ ಆಕಾಶ, ಹುಲ್ಲು, ಆಕಾಶ... ಕಾರು ಗಿರ್ರನೆ ಸುತ್ತಿ ಹುಲ್ಲಿನ ಮೇಲೆ ಹೋಗಿ ನಿಂತಿತು.

ಯಾವುದಕ್ಕೂ ಗುದ್ದಿರಲಿಲ್ಲ.

ಕಾರನ್ನು ನಿಧಾನವಾಗಿ ಶೆಡ್ಡಿಗೆ ತಂದಾಗ ಮೊದಲು ಓಡಿಬಂದವನು ರಘುನಾಥ. ಕಾರಿನ ಕಡೆ ನೋಡಲೇ ಇಲ್ಲ. ಕುತ್ತಿಗೆ ನೋಯುತ್ತಿದೆಯಾ, ಕಣ್ಣು ಮಂಜಾಗಿದೆಯಾ ಎಂದು ತಮಿಳಿನಲ್ಲಿ ಕೇಳಿದ, ನೀರು ಕೊಟ್ಟ. ಅವಳು ಕುಡಿದು ಮುಗಿಸುವವರೆಗೂ ಕಾದ. ಆಮೇಲೆ ಬಹಳ ಮೆಲ್ಲಗೆ, ನಾನು ಕಾರು ನೋಡಬಹುದಾ ಎಂದು ಕೇಳಿದ.

ಅಷ್ಟು ಹೊತ್ತು ಹಿಡಿದಿಟ್ಟದ್ದು ಕಟ್ಟೆ ಒಡೆಯಿತು. ಬಂದದ್ದು ಕನ್ನಡದಲ್ಲೇ ಬಂತು.

“ಯಾಕೆ, ನೋಡಿ ನಗಾಕಾ? ಇವ್ಳ ಕೈಲಿ ತಡಕೊಳ್ಳಾಕಾಗಲ್ಲ, ಮೆತ್ತಗಿರೋದು ಕೊಟ್ಟು ಸಮಾಧಾನ ಮಾಡ್ತೀನಿ ಅಂದ್ರಲ್ಲ ಅವತ್ತು. ನಂಗೆಲ್ಲ ಕೇಳಿಸ್ತು.”

ರಘುನಾಥ ಟೂಲ್ ಪೆಟ್ಟಿಗೆಯನ್ನು ಕೆಳಗಿಟ್ಟ.

“ನಿಮ್ಗೆ ಕನ್ನಡ ಬರ್ತದಾ?”

“ಬರ್ತದೆ. ನಮ್ಮನೆ ಮಾತೇ ಅದು.”

ಅವನು ಅವತ್ತಿನ ಮಾತುಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಅವನಿಗೆ ನಗು ತಡೆಯಲಾಗಲಿಲ್ಲ. ಟೂಲ್ ಪೆಟ್ಟಿಗೆಯ ಮೇಲೆ ಕುಸಿದು ಕೂತು ನಕ್ಕ.

ಕಾರ್ತಿಕಾಳ ಕಣ್ಣು ತುಂಬಿದ್ದು ನೋಡಿ ತಟ್ಟನೆ ನಿಲ್ಲಿಸಿದ. ಅದು ನಿಮ್ಮ ವಿಷಯವಲ್ಲ, ಕಾರಿಮಂಗಲದಲ್ಲಿರುವ ನಮ್ಮಜ್ಜಿಯ ವಿಷಯ ಎಂದ. ಅಜ್ಜಿಗೆ ಆಗಷ್ಟೇ ಹಲ್ಲಿನ ಸೆಟ್ ಕಟ್ಟಿಸಿದ್ದರು, ಕಟ್ಟಿಸಿದ ದಿನವೇ ಚಕ್ಕುಲಿಯಂಥ ಗಟ್ಟಿ ಮುರುಕು ಬೇಕೆಂದು ಹಟ ಹಿಡಿದಿದ್ದಳು, ಅವ್ವ ಏನು ಮಾಡಲಿ ಎಂದು ಫೋನ್ ಮಾಡಿದ್ದಳು... ಹೇಳುತ್ತಾ ಹೇಳುತ್ತಾ ಅವನಿಗೇ ಅದು ಸುಳ್ಳಿನಂತೆ ಕೇಳಿಸಿತು.

ಅವಳು ನಂಬಲಿಲ್ಲ. ಅವನು ಅಲ್ಲೇ ಮನೆಗೆ ವಿಡಿಯೋ ಕಾಲ್ ಮಾಡಿದ. ಪರದೆಯ ತುಂಬ ಒಂದು ಬೊಚ್ಚುಬಾಯಿ, ಕೈಯಲ್ಲಿ ಬಿಚ್ಚಿಟ್ಟುಕೊಂಡ ಹಲ್ಲಿನ ಸೆಟ್, ಹಿಂದೆ ಕುರಿಗಳ ಸದ್ದು. ಅವಳೇ ಅವನ ಅಜ್ಜಿ ಸಿದ್ದಲಕ್ಷ್ಮಮ್ಮ.

“ಯಾರವ್ವ ನೀನು? ಇವ್ನಿಗೆ ವಸಿ ಬುದ್ಧಿ ಏಳು,” ಎಂದಳು ಅಜ್ಜಿ. “ಒಸ ಅಲ್ಲು ಕಟ್ಟಿಸವ್ನೆ, ಮುರುಕು ತಿನ್ನಾಕೆ ಬುಡಲ್ಲ. ಮೆತ್ತಗಿರೋದು ತಿನ್ನು, ಮೆತ್ತಗಿರೋದು ತಿನ್ನು ಅಂತಾನೆ. ಇಡ್ಲಿ ತಿನ್ನಾಕೆ ಅಲ್ಲು ಯಾತಕ್ಕೆ?”

ಕಾರ್ತಿಕಾ ಬಾಯಿಗೆ ಕೈ ಅಡ್ಡ ಹಿಡಿದಳು. ನಗು ಬೆರಳ ಸಂದಿಯಿಂದಲೇ ಹೊರಗೆ ಬಂತು. ಕಾರಿಗೆ ಒರಗಿಕೊಂಡು ಹೊಟ್ಟೆ ಹಿಡಿದು ನಕ್ಕಳು. ಅವಳು ನಗುವುದನ್ನು ರಘುನಾಥ ಮೊದಲ ಸಲ ನೋಡಿದ್ದು ಆಗ. ಅಜ್ಜಿ ಅತ್ತಲಿಂದ ಇನ್ನೂ ದೂರು ಹೇಳುತ್ತಲೇ ಇದ್ದಳು, ಅವನ ಕಿವಿಗೆ ಏನೂ ಬೀಳಲಿಲ್ಲ.

ಅವತ್ತು ಅವನು ಕಾರನ್ನು ಸ್ವಲ್ಪ ಎತ್ತರಿಸಿ, ಶಾಕ್ ಸಡಿಲಿಸಿಕೊಟ್ಟ. ಸಂಜೆಯ ಸುತ್ತುಗಳಲ್ಲಿ ಕಾರು ತುಸು ಪಳಗಿತು. ಆದರೆ ಸ್ಪ್ರಿಂಗೇ ಅತಿ ಗಟ್ಟಿ, ಇಷ್ಟರ ಮೇಲೆ ಸಡಿಲಿಸಲು ಏನೂ ಇಲ್ಲ ಎಂದು ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಚಕ್ರ ನೆಲ ಬಿಡದೆ ಇದ್ದರೆ ತಾನೇ ಹಿಡಿತ? ನಮ್ಮ ರಸ್ತೆಯಲ್ಲೂ ಅಷ್ಟೇ, ಟ್ರ್ಯಾಕಿನಲ್ಲೂ ಅಷ್ಟೇ ಎಂದ.

ಮುಂದಿನ ವಾರ ಅವಳೇ ಅಂಗಡಿಗೆ ಹೋದಳು. ಈ ಸಲ ಅವನು ಕಾರು ಅದುಮಿ ನೋಡಲಿಲ್ಲ, ಕುರ್ಚಿ ಹಾಕಿ ಕೂರಿಸಿ ಕೇಳಿದ. ಕಾರಲ್ಲಿ ಯಾರು ಯಾರು ಕೂರುತ್ತಾರೆ, ಗಂಟು ಎಷ್ಟು ಭಾರ, ಯಾವ ರಸ್ತೆಯಲ್ಲಿ ಹೆಚ್ಚು ಓಡಾಟ, ತಿರುವಿನಲ್ಲಿ ಕಾರು ಏನು ಮಾಡಿದರೆ ನಿಮಗೆ ಇಷ್ಟ... ಇದನ್ನೆಲ್ಲ ಮೊದಲ ದಿನವೇ ಕೇಳಬೇಕಿತ್ತು, ತಪ್ಪು ನನ್ನದೂ ಇದೆ ಎಂದ.

ಅವನು ಹೇಳಿದ್ದಕ್ಕೆಲ್ಲ ಅವಳು ತಲೆಯಾಡಿಸಲಿಲ್ಲ. ಹಿಂದಿನ ಸ್ಪ್ರಿಂಗ್ ಇನ್ನೊಂದು ಮಟ್ಟ ಬಿಗಿ ಬೇಕು, ವಾರವೆಲ್ಲ ಅಲ್ಲಿ ಸೀರೆ ಗಂಟು ಇರುತ್ತದೆ, ಟ್ರ್ಯಾಕಿನಲ್ಲೂ ಕಾರಿನ ಬಾಲ ತುಸು ತಿರುಗಿದರೇ ನನಗೆ ಹಿಡಿಸುತ್ತದೆ ಎಂದಳು. ಅವನು ಬೇಡವೆಂದ, ವಾದ ಮಾಡಿದ. ಕೊನೆಗೆ ಎರಡನ್ನೂ ಹಾಕಿ ಓಡಿಸಿ ನೋಡಿದರು. ಅವಳು ಹೇಳಿದ್ದೇ ಸರಿಯಾಗಿತ್ತು. ಅವನು ಸೋತದ್ದಕ್ಕೆ ಅಷ್ಟು ಖುಷಿಪಟ್ಟದ್ದು ನೋಡಿ ಅವಳಿಗೆ ಎದೆಯೊಳಗೆ ಏನೋ ಜಾರಿದಂತಾಯಿತು.

ಆಮೇಲೆ ಸಣ್ಣಪುಟ್ಟದ್ದನ್ನು ಸರಿಪಡಿಸುವ ನೆಪದಲ್ಲಿ ಭೇಟಿಗಳು ನಡೆದೇ ಇದ್ದವು. ಅಂಗಡಿಗೆ ಒಮ್ಮೆ ಅಮ್ಮನೂ ಬಂದರು. ಹುಡುಗ ಕಾರಿನಡಿ ಮಲಗಿಕೊಂಡೇ ತಮ್ಮ ಜೊತೆ ಕನ್ನಡದಲ್ಲಿ ಮಾತಾಡಿದ್ದು ಅವರಿಗೆ ಬಲು ಇಷ್ಟವಾಯಿತು. ಮುಂದಿನ ಸಲದ ಟ್ರ್ಯಾಕಿನಲ್ಲಿ ಕೆಂಪು ಕಾರು ಆ ಒರಟು ತಿರುವನ್ನು ನೆಲ ಬಿಡದೆ ದಾಟಿತು. ಹೆಲ್ಮೆಟ್ಟಿನೊಳಗೆ ಕಾರ್ತಿಕಾ ಒಬ್ಬಳೇ ಕೂಗಿಕೊಂಡಳು, ಸಂತೋಷಕ್ಕೆ!

ಆದರೆ ಆಮೇಲೆ ರಘುನಾಥ ಮಂಕಾದ. ಫೋನ್ ಮಾಡಿದರೆ ಎರಡೇ ಮಾತು. ‘ಕೆಲಸ ಮುಗೀತಲ್ಲ, ಇನ್ನು ನಾನ್ಯಾಕೆ ಅಂತಾನಾ...’ ಕಾರ್ತಿಕಾ ಸಂಕಟಪಟ್ಟಳು.

ಅಜ್ಜಿಯನ್ನು ಧರ್ಮಪುರಿಯ ಹಲ್ಲಿನ ಡಾಕ್ಟರಿಗೆ ತೋರಿಸಿ ಕರೆತರಬೇಕು ಎಂದು ಅವನು ಒಮ್ಮೆ ಬಾಯಿತಪ್ಪಿ ಹೇಳಿದಾಗ ಅವಳು ಬಿಡಲಿಲ್ಲ. ನನ್ನ ಕಾರಿನಲ್ಲೇ ಹೋಗೋಣ ಎಂದಳು.

ವಾಪಸು ಬರುವಾಗ ಮಧ್ಯಾಹ್ನ. ಸಿದ್ದಲಕ್ಷ್ಮಮ್ಮ ಹಿಂದಿನ ಸೀಟಿನಲ್ಲಿ ಕಾಲು ಮಡಿಸಿಕೊಂಡು ನಿದ್ದೆ ಹೋಗಿದ್ದಳು. ಕಾರಿಮಂಗಲ ದಾಟಿ ಅಜ್ಜಿಯ ಮನೆಯ ಮಣ್ಣಿನ ದಾರಿಗೆ ಇಳಿದಾಗ ಎದುರಿಗೆ ಕುರಿಮಂದೆ ಬಂತು. ಕಾರ್ತಿಕಾ ಎಂಜಿನ್ ಆರಿಸಿದಳು. ಕುರಿಗಳು ಕಾರಿನ ಎರಡೂ ಕಡೆ ಮೈ ಸವರಿಕೊಂಡು ಸಾಗಿದವು. ಅವುಗಳ ಹಿಂದಿದ್ದ ರಘುನಾಥನ ಸೋದರಮಾವ ಮುನುಸ್ವಾಮಿ ಕೋಲೆತ್ತಿ, ಕಾರಿನೊಳಗಿದ್ದವರನ್ನು ನೋಡಿ ಅರ್ಥಗರ್ಭಿತವಾಗಿ ನಕ್ಕು ಹೋದ.

ಅಜ್ಜಿ ಏಳಬಾರದೆಂದು ರಘುನಾಥ ಪಿಸುಮಾತಿನಲ್ಲಿ ಶುರುಮಾಡಿದ.

“ಶುಕ್ರವಾರ ನಿಮ್ಮನ್ನ ನೋಡಾಕೆ ಸೇಲಂನಿಂದ ಉಡುಗ ಬರ್ತಾನಂತೆ.”

“ಯಾರು ಏಳಿದ್ದು?”

“ನಿಮ್ಮಮ್ಮ. ಟ್ರ್ಯಾಕ್ ಆದ್ಮೇಲೆ ಇನ್ನೊಂದ್ಸಲ ಅಂಗಡಿಗೆ ಬಂದಾಗ ಏಳಿದ್ರು.”

ಕಾರ್ತಿಕಾ ಒಂದು ಕ್ಷಣ ಅವನನ್ನೇ ನೋಡಿದಳು. ಇಷ್ಟು ದಿನದ ಮಂಕು ಯಾಕೆಂದು ಈಗ ತಿಳಿಯಿತು. ಅಮ್ಮನ ಕುತಂತ್ರವೂ ತಿಳಿಯಿತು.

“ಯಾವ ಉಡುಗನೂ ಬರ್ತಿಲ್ಲ,” ಎಂದಳು. “ನಿಮ್ಮ ಬಾಯಿ ಬುಡಿಸಾಕೆ ಅಮ್ಮ ಆಡಿರೋ ಸುಳ್ಳು ಅದು.”

ಅವನ ಮುಖದಲ್ಲಿ ಬೆಳಕು ಬಂತು, ಹಾಗೇ ಅರ್ಧಕ್ಕೆ ನಿಂತಿತು.

“ನಮ್ದು ಕುರಿ ಸಾಕೋ ಮನೆ. ನಿಮ್ದು ಮಗ್ಗದ ಮನೆ. ನಿಮ್ಮಮ್ಮಂಗೆ ಗೊತ್ತಲ್ಲ?”

“ಗೊತ್ತಿದ್ದೇ ಸುಳ್ಳಾಡಿರೋದು.”

ಕೊನೆಯ ಕುರಿಯೂ ದಾಟಿತು. ದಾರಿ ಖಾಲಿಯಾಯಿತು. ಅವಳು ಕೀ ಮುಟ್ಟಲಿಲ್ಲ.

ರಘುನಾಥ ಹಿಂದೆ ತಿರುಗಿ, ಅಜ್ಜಿ ಇನ್ನೂ ಮಲಗಿದ್ದಾಳೆಂದು ನೋಡಿಕೊಂಡ.

“ತಮಿಳಲ್ಲಾದ್ರೆ ಎಂಗೋ ಏಳ್ಬುಡ್ತಿದ್ದೆ,” ಎಂದ. “ಕನ್ನಡದಲ್ಲಿ ನಾನು ಮನೇವ್ರ ಜೊತೆ ಬುಟ್ರೆ ಬೇರೆ ಯಾರ ಜೊತೇಲೂ ಮಾತಾಡಿಲ್ಲ.”

ಕಾರ್ತಿಕಾ ಗೇರ್ ಮೇಲಿದ್ದ ತನ್ನ ಕೈಯನ್ನು ತೆಗೆದು ಅವನ ಕೈಮೇಲೆ ಇಟ್ಟಳು.

“ಅಂಗಾರೆ ಈಗ ಯಾರ ಜೊತೆ ಮಾತಾಡ್ತಾ ಇದೀರ?”

ಅವನು ಆ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ.

“ನಮ್ಮನೇವ್ರ ಜೊತೇನೆ.”